ಅಶ್ವತ್ಥಮ್ಮನ ರಾಗಿಗಂಜಿ

ಒಂದಾನೊಂದು ಊರು. ಏಳು ಸಮುದ್ರಗಳು ಸುತ್ತುವರಿಯಬೇಕಾದ ಕಡೆ ಅದನ್ನು ಗಾಜಿನ ಕಟ್ಟಡಗಳು ಸುತ್ತುವರಿದಿದ್ದವು. ಹೆಸರು ಪಟ್ಟಂದೂರು ಅಗ್ರಹಾರ. ಆ ಊರಿನ ಒಂದು ವಠಾರದಲ್ಲಿ, ಮೇಲಿನ ತುದಿಯ ಕೋಣೆಯಲ್ಲಿ, ಮಹಾದೇವಿ ಎಂಬುವಳು ಅಂಗೈಯಲ್ಲಿ ಪುಟ್ಟದೊಂದು ಬಿಳಿ ಮಾತ್ರೆ ಇಟ್ಟುಕೊಂಡು, ಮೆಟ್ಟಿಲ ಮೇಲಿನ ಹೆಜ್ಜೆಸಪ್ಪಳಕ್ಕೆ ಹೆದರಿ ಕೂತಿದ್ದಳು. ಇನ್ನೂ ನಸುಕು ಹರಿದಿರಲಿಲ್ಲ. ಮೆಟ್ಟಿಲು ಹತ್ತಿ ಬರುತ್ತಿದ್ದವಳು ಮನೆಯೊಡತಿ ಅಶ್ವತ್ಥಮ್ಮ. ಕೈಯಲ್ಲಿ ಚೊಂಬು, ಚೊಂಬಿನ ತುಂಬ ಹಾಲು ಬೆರೆಸಿದ ರಾಗಿಗಂಜಿ.

"ಕುಡಿಯವ್ವ, ಆರೋಯ್ತದೆ" ಎಂದು ಅವಳು ಬಾಗಿಲಲ್ಲೇ ನಿಂತಳು. ಚೊಂಬು ಬರಿದಾಗುವ ತನಕ ಹೊಸ್ತಿಲು ಬಿಟ್ಟು ಕದಲುವವಳಲ್ಲ.

ಮಹಾದೇವಿ ಮಾತ್ರೆ ನುಂಗಿದಳು, ಗಂಜಿ ಕುಡಿದಳು. ಹೇಳಬೇಕಾದ ಮಾತು ಇವತ್ತೂ ಗಂಜಿಯ ಜೊತೆ ಒಳಗೇ ಇಳಿದುಹೋಯಿತು.

ಸುರಪುರದ ಕಡೆಯಿಂದ ಗಂಡ ಬಸಲಿಂಗನ ಜೊತೆ ಈ ಊರಿಗೆ ಬಂದಾಗ ಮಹಾದೇವಿ ಗಾಳಿಯಂಥ ಹೆಂಗಸು. ಅವನು ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋದರೆ ಅವಳು ಐಟಿ ಪಾರ್ಕಿನಲ್ಲಿ ನೆಲ ಒರೆಸುತ್ತಿದ್ದಳು. ಬರುಬರುತ್ತಾ ಮೈ ಭಾರವಾಯಿತು. ಮುಖ ಊದಿತು, ಕೂದಲು ಬಾಚಣಿಗೆಗೆ ಬಂತು, ಸುಡುವ ಬಿಸಿಲಲ್ಲೂ ಕಾಲು ತಣ್ಣಗೆ. ಒಂದು ಸಲ ಲಿಫ್ಟಿನ ಎದುರು ಮಾಪು ಹಿಡಿದು ನಿಂತಲ್ಲೇ ನಿದ್ದೆ ಹೋದಳು. ಆಮೇಲೆ ಬಸಿರಾದಳು, ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಥೈರಾಯ್ಡ್ ಎಂದು. ಗಂಟಲಲ್ಲಿ ಕೂತಿರುವ ಆ ಸಣ್ಣ ಗ್ರಂಥಿ ಮಂಕಾದರೆ ಮೈಯೆಲ್ಲ ಮಂಕಾಗುವುದಂತೆ.

ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಗ್ಗೆಯೇ ಅಶ್ವತ್ಥಮ್ಮ ಚೊಂಬು ಹಿಡಿದು ಮೆಟ್ಟಿಲು ಹತ್ತಿದ್ದು. ರಾಗಿಯನ್ನು ಮೊಳಕೆ ಕಟ್ಟಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ ಮಾಡಿದ ಹಿಟ್ಟು. "ಖಾಲಿ ಹೊಟ್ಟೇಲಿ ಮಾತ್ರೆ ನುಂಗಿದ್ರೆ ಕರುಳು ಸುಡ್ತದೆ. ಇದರ ಜೊತ್ಗೆ ನುಂಗು. ಸೊಂಟ ಗಟ್ಟಿಯಾಯ್ತದೆ, ಮುಂದಿನ ಸಲ ಮಗು ನಿಲ್ತದೆ" ಎಂದಿದ್ದಳು. ಹೆತ್ತ ತಾಯಿಯೂ ಹತ್ತಿರವಿಲ್ಲದ ಊರಿನಲ್ಲಿ ಆ ಚೊಂಬಿನ ಬಿಸಿಯನ್ನು ಎರಡೂ ಕೈಯಲ್ಲಿ ಹಿಡಿದು ಮಹಾದೇವಿ ಅವತ್ತು ಅತ್ತಿದ್ದಳು.

ತಿಂಗಳುಗಳು ಕಳೆದವು. ಮಾತ್ರೆಯ ಪವರ್ ಏರಿಸಿದರೂ ಥೈರಾಯ್ಡ್ ಮಾತ್ರ ಹತೋಟಿಗೆ ಬರಲೊಲ್ಲದು. ಕೊನೆಗೆ ಪಕ್ಕದೂರು ಹೂಡಿಯ ಕ್ಲಿನಿಕ್ಕಿನ ಡಾಕ್ಟರಮ್ಮ ರಿಪೋರ್ಟು ಪಕ್ಕಕ್ಕಿಟ್ಟು, "ಬೆಳಗ್ಗೆ ಎದ್ದಾಗಿಂದ ಏನೇನ್ ಮಾಡ್ತೀಯ, ಒಂದೊಂದಾಗಿ ಹೇಳಮ್ಮ" ಎಂದರು. ಮಹಾದೇವಿ ಹೇಳಿದಳು. ಗಂಜಿಯ ಮಾತು ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ಅಲ್ಲಮ್ಮಾ, ರಾಗಿ, ಹಾಲು ಎರಡ್ರಲ್ಲೂ ಸುಣ್ಣದ ಅಂಶ ಜಾಸ್ತಿ. ಅದು ಮಾತ್ರೇನ ಹಿಡ್ಕೊಂಡ್ಬಿಡುತ್ತೆ, ಮೈಗೆ ಹತ್ತಕ್ಕೇ ಬಿಡಲ್ಲ. ಎದ್ದ ತಕ್ಷಣ ಬರೀ ನೀರಲ್ಲಿ ನುಂಗಬೇಕು. ಆಮೇಲೆ ಒಂದು ಗಂಟೆ ಚಹಾನೂ ಬೇಡ."

"ಹಂಗಾರ ಗಂಜಿ ಕೆಟ್ಟದ್ದೇನ್ರಿ?"

"ಗಂಜಿ ಬಂಗಾರ. ಸಂಜೆ ಕುಡಿ. ರೊಟ್ಟಿ, ಬೇಳೆ, ಸೊಪ್ಪು ಎಲ್ಲಾ ತಿನ್ನು, ಅಯೋಡಿನ್ ಇರೋ ಪ್ಯಾಕೆಟ್ ಉಪ್ಪೇ ಹಾಕು, ಚೆನ್ನಾಗಿ ನಿದ್ದೆ ಮಾಡು. ಇದು ಹತೋಟಿಗೆ ಬರಲಿ, ಆಮೇಲೆ ಮಗುವಿನ ಯೋಚನೆ ಮಾಡೋಣ. ಆ ಅಜ್ಜಿಗೆ ಹೇಳ್ತೀಯ ತಾನೇ?"

"ಹೇಳ್ತೀನ್ರಿ."

"ಮಾತು ಕೊಡು."

ಕೊಟ್ಟಳು. ಕೊಟ್ಟಷ್ಟು ಸುಲಭವಾಗಿ ನಡೆಸಲಾಗಲಿಲ್ಲ.

"ಹ್ಯಾಂಗ್ ಹೇಳ್ಲಿ? ನಿಮ್ ಗಂಜೀನ ನನಗ ಅಡ್ಡ ಬಂದದ ಅನ್ಲೇನು?" ಎಂದು ಗಂಡನ ಮುಂದೆ ಗೋಳಾಡಿದಳು. ಅಶ್ವತ್ಥಮ್ಮ ಬರುವ ಮೊದಲೇ ಎದ್ದು ಮಾತ್ರೆ ನುಂಗೋಣವೆಂದರೆ ರೋಗವೇ ನಿದ್ದೆಯದು. ಅಲಾರಾಂ ಹೊಡೆದರೂ ಏಳಲಾಗುತ್ತಿರಲಿಲ್ಲ.

ಬಸಲಿಂಗ ಒಂದು ಉಪಾಯ ಹೂಡಿದ. "ನೀ ಜೋರಾಗಿ ಕೆಮ್ಮು. ಅಕಿ ನೀರು ತರಾಕ ತಿರುಗ್ತಾಳ. ಅಷ್ಟರಾಗ ಚೊಂಬು ನನ್ನ ಕಡೀಗಿ ದಾಟ್ಸು."

ಕೆಮ್ಮಿದ್ದೂ ಆಯಿತು, ದಾಟಿಸಿದ್ದೂ ಆಯಿತು. ತಿರುಗಿ ಬಂದ ಅಶ್ವತ್ಥಮ್ಮನಿಗೆ ಕಂಡದ್ದು ಬಸಲಿಂಗನ ಮೀಸೆಗೆ ಮೆತ್ತಿದ ರಾಗಿ.

"ಥೂ ನಿನ್ನ! ಹೆಂಡ್ರು ಪಾಲು ಕುಡ್ಯಕ್ಕೆ ನಾಚ್ಕೆ ಆಗಕಿಲ್ವೇನ್ಲಾ?"

ಮಾರನೆಯ ದಿನದಿಂದ ಇನ್ನೂ ದೊಡ್ಡ ಚೊಂಬು ಬಂತು. ಕಾವಲೂ ಬಿಗಿಯಾಯಿತು.

ಹೀಗೆ ದಿನಗಳು ಉರುಳುತ್ತಿರುವಾಗ ಒಂದು ಬೆಳಗ್ಗೆ ಅಶ್ವತ್ಥಮ್ಮ ಏದುಸಿರು ಬಿಡುತ್ತ ಬಂದು, ಚೊಂಬನ್ನು ಮಹಾದೇವಿಯ ಕೈಗಿತ್ತು, ಅಪರೂಪಕ್ಕೆ ಹೊಸ್ತಿಲ ಮೇಲೆ ಕೂತಳು. "ನಿನ್ನೆ ಅಟ್ಟದಿಂದ ತೊಟ್ಲು ಇಳಿಸ್ದೆ ಕಣವ್ವ. ನಮ್ ಮಗಳು ವನಜ ಮಲಗಿದ್ ತೊಟ್ಲು. ಒರೆಸಿ ಮಡಗಿವ್ನಿ. ಇವತ್ತಲ್ಲ ನಾಳೆ ಬೇಕಾಯ್ತದಲ್ಲ" ಎಂದಳು.

ಮಹಾದೇವಿ ಚೊಂಬನ್ನು ನೆಲಕ್ಕಿಟ್ಟಳು. ಮಾತ್ರೆ ಇನ್ನೂ ಅಂಗೈಯಲ್ಲೇ ಇತ್ತು.

"ಯವ್ವಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಗುಳಿಗಿ ಗಂಜಿ ಕೂಡ ನುಂಗಬಾರದಂತ. ಬರೇ ನೀರಾಗ ನುಂಗಬೇಕಂತ. ರಾಗಿ, ಹಾಲು ಕೂಡಿದ್ರ ಗುಳಿಗಿ ಮೈಗಿ ಹತ್ತಂಗಿಲ್ಲಂತ. ಡಾಕ್ಟರಮ್ಮಾರು ಹೇಳಿ ಭಾಳ ದಿನ ಆಯ್ತು. ನಿಮಗ ಹೇಳಾಕ ಬಾಯಿ ಬರಲಿಲ್ಲ."

ಅಶ್ವತ್ಥಮ್ಮ ಚೊಂಬನ್ನೇ ನೋಡಿದಳು. ಸಣ್ಣ ದನಿಯಲ್ಲಿ ಕೇಳಿದಳು: "ಅಂಗಾದ್ರೆ ನಿನ್ ಮಗೀಗೆ ನಾನೇ ಅಡ್ಡ ನಿಂತ್ನಾ?"

"ಇಲ್ರೀ! ಅದು ಮೊದಲಾ ಹೋಗಿತ್ತು. ನಿಮ್ ಗಂಜಿ ಬಂದಿದ್ದು ಆಮ್ಯಾಲ. ನೀವು ಬರದಿದ್ರ ನಾ ಅವತ್ತ ಊರಿಗಿ ಓಡಿಹೋಗ್ತಿದ್ದೆ."

ಅಶ್ವತ್ಥಮ್ಮ ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಚೊಂಬು ಅಲ್ಲೇ ಉಳಿಯಿತು. ಮಹಾದೇವಿಗೆ ಅಳು ಒತ್ತರಿಸಿ ಬಂತು. ಆಡಿದ ಮಾತನ್ನು ನುಂಗಲಾದೀತೇ? ಬಸಲಿಂಗ ಚಾಪೆಯ ಮೇಲೆ ಎದ್ದು ಕೂತ.

ಹೆಜ್ಜೆಸಪ್ಪಳ ಮತ್ತೆ ಮೇಲಕ್ಕೆ ಬಂತು. ಈ ಸಲ ಅಶ್ವತ್ಥಮ್ಮನ ಕೈಯಲ್ಲಿ ಮಾತ್ರೆ ಡಬ್ಬಿಯೊಂದಿತ್ತು.

"ನೋಡು, ಇದೂ ಅದೇಯಾ?"

ಮಹಾದೇವಿ ತನ್ನ ಡಬ್ಬಿಯನ್ನು ಪಕ್ಕದಲ್ಲಿ ಹಿಡಿದು ನೋಡಿದಳು. ಅದೇ.

"ನಂಗೂ ವರ್ಸಾನುಗಟ್ಲೆಯಿಂದ ಇದೇ ಕಾಯ್ಲೆ ಕಣವ್ವ. ಯಾರ್‌ಗೂ ಏಳ್ಕಂಡಿರ್ನಿಲ್ಲ. ಡಾಕ್ಟ್ರು ಪವರ್ ಏರಿಸ್ತಾನೇ ಅವ್ರೆ, ಇದು ಇಳೀತಾನೇ ಇಲ್ಲ. ನಾನು ಮಾತ್ರೆ ಕಂಪ್ನೀನ ಬೈಕಂಡ್ ತಿರುಗ್ತಿದ್ದೆ. ಗಂಜಿ ಜೊತ್ಗೇ ನುಂಗ್ತಿದ್ನಲ್ಲ!" ಅಶ್ವತ್ಥಮ್ಮ ಹಣೆ ಚಚ್ಚಿಕೊಂಡಳು, ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಇಬ್ರೂ ಸೇರಿ ಎಷ್ಟ್ ಮಾತ್ರೆ ದಂಡ ಮಾಡಿದ್ವೋ. ಲೇ ಬಸಲಿಂಗ, ಇವತ್ತಿನ್ ಗಂಜಿ ನೀನೇ ಕುಡಿ. ಕದ್ದು ಅಲ್ಲ, ಕೂತ್ಕಂಡು ಕುಡಿ. ಇವಳ್ದು ಇನ್ಮ್ಯಾಕೆ ಸಂಜೀಕೆ ತತ್ತೀನಿ."

ಮಹಾದೇವಿ ಎರಡು ಲೋಟ ನೀರು ತಂದಳು. ಇಬ್ಬರೂ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತು ಮಾತ್ರೆ ನುಂಗಿದರು. ಇನ್ನೊಂದು ಗಂಟೆ ಕಾಯುವುದಷ್ಟೇ ಕೆಲಸ. ಎದುರಿನ ಕಟ್ಟಡದ ಗಾಜಿಗೆ ಮೊದಲ ಬಿಸಿಲು ತಾಗಿ, ಅಲ್ಲಿಂದ ಜಾರಿ ಕೆಳಗಿನ ಮೆಟ್ಟಿಲಿಗೆ ಬಿತ್ತು. ಅಶ್ವತ್ಥಮ್ಮ ತನ್ನ ತಣ್ಣನೆಯ ಪಾದಗಳನ್ನು ಅದರೊಳಕ್ಕೆ ಚಾಚಿ, ಮಹಾದೇವಿಗೂ ಜಾಗವಾಗಲೆಂದು ಕೊಂಚ ಪಕ್ಕಕ್ಕೆ ಸರಿದಳು.