ತೋರುಬೆರಳಿನ ಸೀಳು

ಚೆಂಡು ಒದ್ದೆಯಾಗುತ್ತಿದೆ, ಬೆವರಲ್ಲ, ಬೆವರಾಗಿದ್ದರೆ ಇಷ್ಟು ಅಂಟುತ್ತಿರಲಿಲ್ಲ — ಇವತ್ತೇ ಬಾಯಿಬಿಡಬೇಕಿತ್ತೆ ಈ ಹಾಳು ಬೆರಳು, ವಿಂಧ್ಯಾ ಕೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡೇ ಬೌಲಿಂಗ್ ಗುರುತಿನತ್ತ ನಡೆದಳು, ಚೆಂಡು ಕೆಂಪು, ಪುಣ್ಯಕ್ಕೆ ರಕ್ತ ಕಾಣುವುದಿಲ್ಲ, ಆದರೆ ಪ್ಯಾಂಟು ಬಿಳಿ, ಒಮ್ಮೆ ಚೆಂಡು ಉಜ್ಜಿದರೆ ಮುಗಿಯಿತು ಕಥೆ, ಯಾಕೆ ಉಜ್ಜುತ್ತಿಲ್ಲ ಇವಳು ಎಂದು ಕ್ಯಾಪ್ಟನ್ ರಜನಿ ಆಗಿನಿಂದ ನೋಡುತ್ತಲೇ ಇದ್ದಾಳೆ, ಕ್ಯಾ ಹುವಾ ರೇ, ಕುಛ್ ನಹೀ ದೀದಿ. ಏನೂ ಇಲ್ಲವಂತೆ! ಬೆಳಿಗ್ಗೆಯೇ ಅಂಪೈರ್ ಟೇಪು ಬಿಚ್ಚಿಸಿದ್ದರು, ಬೌಲಿಂಗ್ ಹಾಥ್ ಪೇ ಪಟ್ಟಿ ನಹೀ ಚಲೇಗೀ ಬೇಟಾ, ಖೂನ್ ನಿಕಲಾ ತೋ ಬಾಹರ್ — ರಕ್ತ ಬಂದರೆ ಹೊರಗೆ, ಆ ಒಂದು ಮಾತಿಗೇ ಅವಳ ಅರ್ಧ ಜೀವ ಹೋಗಿತ್ತು.

ಹೊರಗೆ ಎಂದರೇನು ಅವಳಿಗೆ ಗೊತ್ತು. ತೊಂಬತ್ತನಾಲ್ಕರಲ್ಲಿ ಅಹಮದಾಬಾದಿನಲ್ಲಿ ಭಾರತ ತಂಡದ ಟೋಪಿ ಕೊಟ್ಟರು, ಎರಡು ವರ್ಷದ ಮೇಲೆ ಸೂರತ್‌ನಲ್ಲಿ ಭುಜ ನೋಯುತ್ತಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೆ ಆಯ್ಕೆದಾರರು ಆರಾಮ್ ಕರೋ ಎಂದು ಬೆನ್ನು ತಟ್ಟಿದರು, ಆ ಆರಾಮು ಎರಡು ವರ್ಷ ನಡೆಯಿತು, ಒಂದು ಕಾಗದವಿಲ್ಲ, ಪೋಸ್ಟ್‌ಮ್ಯಾನ್ ಫತೇಗಂಜ್‌ನ ಮನೆ ದಾಟಿ ಹೋದಾಗಲೆಲ್ಲ ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಇವತ್ತು ಈ ಪರದೇಶದ ತಂಡದೆದುರು ತನ್ನೂರು ವಡೋದರಾದಲ್ಲೇ ವಿಕೆಟ್ ಕಿತ್ತರೆ ಇಂಗ್ಲೆಂಡ್ ಪ್ರವಾಸ, ಇಲ್ಲವಾದರೆ ಇಪ್ಪತ್ತಾರರವಳನ್ನು ಇನ್ಯಾರು ಕರೆಯುತ್ತಾರೆ? ತಪ್ಪು ತನ್ನದೇ — ಅಪ್ಪ ಗಡ್ಡ ಹೆರೆದ ಮೇಲೆ ಸವರಿಕೊಳ್ಳುವ ಪಟಿಕದ ಕಲ್ಲು, ಅದನ್ನು ನೀರಿಗೆ ಹಾಕಿ ಬೆರಳು ಅದ್ದಿದರೆ ಚರ್ಮ ಗಟ್ಟಿಯಾಗುತ್ತದೆ, ಸ್ಪಿನ್ನರುಗಳು ಮಾಡುವುದೇ, ಹತ್ತು ನಿಮಿಷ ಸಾಕಿತ್ತು, ಇವಳು ಸಾಲದೆಂದು ಹೆದರಿ ವಾರವಿಡೀ ಗಂಟೆಗಟ್ಟಲೆ ಅದ್ದಿ ಕೂತಳು, ಸಾಕು ಬಿಡೇ, ಬೆರಳೇನೇ ಅದು ಕೊರಡಾ, ಅಮ್ಮ ಬೈದಿದ್ದಳು, ಗಟ್ಟಿಯಾಯಿತು, ಗಟ್ಟಿಯಾಗಿ ಒಣಗಿ ಸೀಳಿತು.

ಹಾಕು, ಸುಮ್ಮನೆ ಹಾಕು, ಮೂರು ಹೆಜ್ಜೆ, ತೋಳು ತಿರುಗಿತು, ಚೆಂಡಿನ ಹೊಲಿಗೆ ಸೀಳಿನ ಮೇಲೇ ಉಜ್ಜಿತು, ಅಮ್ಮಾ, ತೊಂಬತ್ತು ರನ್ ಹೊಡೆದು ನಿಂತಿದ್ದ ಆ ಎತ್ತರದ ಹುಡುಗಿ ಮುಂದೆ ಬಂದು ಬೀಸಿದಳು, ಚೆಂಡು ನೇರ ಇವಳ ಎದೆಗೇ — ಹಿಡಿದಳು, ಹಿಡಿದೇಬಿಟ್ಟಳು! ರಜನಿ ಕಿರುಚುತ್ತ ಓಡಿ ಬರುತ್ತಿದ್ದಾಳೆ, ಶಾಮಿಯಾನದಡಿ ಆಯ್ಕೆದಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಇಂಗ್ಲೆಂಡ್, ಇಂಗ್ಲೆಂಡ್, ಅಯ್ಯೋ ದೇವರೇ, ಬೆರಳು ಪೂರಾ ಬಿಟ್ಟುಕೊಂಡಿದೆ, ಮಣಿಕಟ್ಟಿನವರೆಗೆ ಬಿಸಿ ಇಳಿಯುತ್ತಿದೆ, ಮುಷ್ಟಿ ಬಿಚ್ಚಬಾರದು, ಚೆಂಡು ಯಾರಿಗೂ ಕೊಡಬಾರದು — ಆದರೆ ವಿಕೆಟ್ ಬಿದ್ದ ಮೇಲೆ ಚೆಂಡು ಅಂಪೈರ್ ಹತ್ತಿರ ಹೋಗಬೇಕಲ್ಲ, ಇಷ್ಟು ವರ್ಷ ಪ್ರತಿ ವಿಕೆಟ್ಟಿಗೂ ತಾನೇ ನಗುನಗುತ್ತ ಕೊಟ್ಟವಳು, ಹೇಗೆ ಮರೆತಳು, ಶಾಬಾಶ್ ಬೇಟಾ, ಲಾವ್, ಕೊಡು ಎಂದು ಅಂಪೈರೂ ನಗುತ್ತಿದ್ದಾರೆ, ಕೈ ಚಾಚಿದ್ದಾರೆ, ಅಂಗೈ, ಒಂದಿಷ್ಟೂ ಕಲೆಯಿಲ್ಲದ ಅಂಗೈ, ಲಾವ್ ಬೇಟಾ, ಇನ್ನೂ ಹತ್ತಿರಕ್ಕೆ ಬಂತು, ಬೆರಳೆಲ್ಲ ಬಿಡಿಸಿಕೊಂಡು ಕಾಯುತ್ತಿರುವ ಅಂಗೈ, ಆ ಅಂಗೈ —