ಹಿಂದಿನ ಬೆಂಚಿನವರು

ಶವಪೆಟ್ಟಿಗೆ ಕಾರಿನಿಂದ ಅರ್ಧ ಹೊರಬಂದಿತ್ತು. ಅಷ್ಟರಲ್ಲಿ ಹೊರುವವರಲ್ಲೊಬ್ಬನಾದ ಲೆನರ್ಡ್‌ನ ಸೊಂಟ ಹಿಡಿದುಕೊಂಡಿತು. ಅವನು ಕಾರಿನ ಬಾಗಿಲನ್ನೇ ಆತುಕೊಂಡು ನಿಂತುಬಿಟ್ಟ. ಹೊರುವವರು ಆರು ಜನ ಬೇಕು, ಉಳಿದವರು ಐದೇ. ಚರ್ಚಿನ ಗೇಟಿನ ಹತ್ತಿರ ನಿಂತಿದ್ದ ಗುಂಪಿನಿಂದ ಒಬ್ಬ ದಪ್ಪನೆಯ ಮನುಷ್ಯ ಬಂದು, "ನಾನು ಹಿಡೀತೀನಿ" ಎಂದು ಖಾಲಿ ಮೂಲೆಗೆ ಹೆಗಲು ಕೊಟ್ಟ.

ಸತ್ತವಳ ಮಗಳು ರೋಸಲಿಂಡ್‌ಗೆ ಅವನ ಗುರುತು ಸಿಕ್ಕಿತು. ಹದಿನಾಲ್ಕು ವರ್ಷದ ಹಿಂದೆ ಲ್ಯಾಂಕಾಶೈರಿನ ಆ ಊರಿನ ಪತ್ರಿಕೆಯಲ್ಲಿ ವಾರಗಟ್ಟಲೆ ಬಂದಿದ್ದ ಮುಖ: ಕರ್ಟಿಸ್ ಟಾಟರ್‌ಸಾಲ್. ಬೇಡ ಎನ್ನಲು ಬಾಯಿ ತೆರೆದಳು. ಅಷ್ಟು ಹೊತ್ತಿಗೆ ಅವರು ಮೆಟ್ಟಿಲೇರಿದ್ದರು.

ಪಾದ್ರಿ ಓದಿದ್ದು ರೋಸಲಿಂಡ್ ಬರೆದುಕೊಟ್ಟಿದ್ದ ಕಾಗದವನ್ನೇ. ಎನಿಡ್ ಹಾಲ್‌ರಾಯ್ಡ್, ಎಂಬತ್ತೊಂದು ವರ್ಷ. ಮೂವತ್ತೊಂದು ವರ್ಷ ಊರಾಡಳಿತದ ಕೌನ್ಸಿಲ್ ಕಚೇರಿಯಲ್ಲಿ ಟೈಪಿಸ್ಟ್. ಚರ್ಚಿನ ಹಾಡುಗಾರರಲ್ಲಿ ಒಬ್ಬಳು. ಅವಳ ನಿಂಬೆ ಕೇಕಿಗೆ ಊರಲ್ಲಿ ಹೆಸರಿತ್ತು. ನಿವೃತ್ತಿಯ ನಂತರದ ವರ್ಷಗಳನ್ನು ಅವಳು 'ನೆಮ್ಮದಿಯಿಂದ' ಕಳೆದಳಂತೆ. ಕೊನೆಯ ಬೆಂಚಿನಲ್ಲಿ ಕೂತಿದ್ದ ಏಳೆಂಟು ಅಪರಿಚಿತರು ಆ ಮಾತಿಗೆ ತಲೆ ತಗ್ಗಿಸಿದ್ದನ್ನು ರೋಸಲಿಂಡ್ ಕಂಡಳು. ತಾನು ಏನನ್ನು ಬಿಟ್ಟು ಬರೆದಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು.

*

ಮಗುವೊಂದಕ್ಕೆ ಮನೆಯಲ್ಲೇ ಭಾರೀ ಪೆಟ್ಟಾದರೆ ಸರ್ಕಾರದವರು ಒಂದು ಪರಿಶೀಲನೆ ನಡೆಸುತ್ತಾರೆ. ಶಿಶುವಿಹಾರ, ಆಸ್ಪತ್ರೆ, ಪೊಲೀಸು, ಕೌನ್ಸಿಲ್ ಎಲ್ಲೆಲ್ಲಿ ಎಡವಿದವು ಎಂದು ನೋಡಿ ವರದಿ ಬರೆಯುತ್ತಾರೆ. ಅದನ್ನು ಹೊರಗೆ ಬಿಡುವ ಮುಂಚೆ ಮನೆಯವರಿಗೆ ತೋರಿಸುವುದು ರೂಢಿ. ಮನೆಯವರ ಪಕ್ಕ ಕೂತು ಅದನ್ನು ಅರ್ಥ ಮಾಡಿಸುವುದು ನಿವೃತ್ತಿಯ ಮೇಲೆ ಎನಿಡ್ ತಾನಾಗಿ ಹಿಡಿದ ಕೆಲಸ. ಸಂಬಳವಿಲ್ಲ.

ಕರ್ಟಿಸ್ ಅವಳಿಗೆ ಸಿಕ್ಕ ಮೊದಲನೆಯವನು. ಅವನ ಮಗಳು ಕೀರಾಗೆ ಆಗ ಮೂರು ವರ್ಷ. ಕರ್ಟಿಸ್‌ನಿಂದ ಬೇರೆಯಾಗಿದ್ದ ತಾಯಿಯ ಜೊತೆಗಿದ್ದ ಗಂಡಸು ಮಗುವನ್ನು ಗೋಡೆಗೆ ಎಸೆದು ಜೈಲು ಸೇರಿದ್ದ. ಮಗಳನ್ನು ಕಾಯದ ಅಪ್ಪ ಎಂದು ಪತ್ರಿಕೆ ಕರ್ಟಿಸ್‌ನನ್ನೂ ಬಿಟ್ಟಿರಲಿಲ್ಲ. ಕೌನ್ಸಿಲ್‌ನ ಕೋಣೆಯೊಂದರಲ್ಲಿ ಅರವತ್ತನಾಲ್ಕು ಪುಟಗಳ ಕರಡನ್ನು ಕರ್ಟಿಸ್‌ನ ಮುಂದಿಟ್ಟು ಒಂದು ಗಂಟೆ ಕೊಟ್ಟಿದ್ದರು. ಅವನು ಒಂದೊಂದೇ ಪುಟ ತಿರುವಿದ. ಕೊನೆಗೆ, ಸರಿಯಾಗಿದೆ, ಹೇಳುವುದೇನೂ ಇಲ್ಲ ಎಂದ; ಅವರು ಒಂದು ಪ್ರತಿಯನ್ನು ಅವನ ಕೈಗೇ ಕೊಟ್ಟು ಕಳಿಸಿದರು. ಅವನು ಪ್ರತಿ ಪುಟಕ್ಕೂ ಒಂದೇ ಅಳತೆಯ ಹೊತ್ತು ತೆಗೆದುಕೊಂಡದ್ದು ಎನಿಡ್‌ಗೆ ಮಾತ್ರ ಕಂಡಿತು. ಅರ್ಧ ಹಾಳೆ ಖಾಲಿಯಿದ್ದ ಪುಟಕ್ಕೂ ಅಷ್ಟೇ ಹೊತ್ತು.

ಆಚೆ ಬಂದ ಮೇಲೆ ಅವಳು ಏನನ್ನೂ ಕೇಳಲಿಲ್ಲ. ತನ್ನ ಕಣ್ಣು ಮಂಜು, ಜೋರಾಗಿ ಓದಿಕೊಂಡರೇ ತಲೆಗೆ ಹತ್ತುವುದು, ಗುರುವಾರ ನಿಮ್ಮ ಮನೆಗೆ ಬಂದು ಓದಿಕೊಳ್ಳಲೇ ಎಂದಳು.

ವರದಿಯಲ್ಲಿ ಕೀರಾಳ ಹೆಸರಿರಲಿಲ್ಲ. 'ಮಗು ಎಂ' ಎಂದಿತ್ತು. ಎನಿಡ್ ಆ ಜಾಗದಲ್ಲೆಲ್ಲ 'ಕೀರಾ' ಎಂದೇ ಓದಿದಳು. 'ಅಂತರ್ ಸಂಸ್ಥಾ ಸಮನ್ವಯದ ಕೊರತೆ' ಎಂದು ಬಂದಾಗ ಕನ್ನಡಕ ತೆಗೆದು, ಇವರು ಅವರಿಗೆ ಫೋನ್ ಮಾಡಲಿಲ್ಲ, ಅಷ್ಟೇ ಎಂದಳು. ಮೂರನೆಯ ಗುರುವಾರ ನಲವತ್ತೊಂದನೆಯ ಪುಟ ಬಂತು: 'ಮಗುವಿನ ಮೈಮೇಲಿನ ಗಾಯಗಳ ಕುರಿತು ತಂದೆಗೆ ಎರಡು ಬಾರಿ ಪತ್ರ ಬರೆಯಲಾಯಿತು. ಅವರು ಸ್ಪಂದಿಸಲಿಲ್ಲ.'

ಕರ್ಟಿಸ್ ಎದ್ದು ಹೋಗಿ, ಅಡುಗೆಮನೆಯ ಡ್ರಾಯರಿನಿಂದ ಎರಡು ಲಕೋಟೆ ತಂದು ಮೇಜಿನ ಮೇಲಿಟ್ಟ. ಒಂದನ್ನೂ ಒಡೆದಿರಲಿಲ್ಲ.

"ನಂಗೆ ಓದಕ್ಕೆ ಬರಲ್ಲ, ಮಿಸೆಸ್ ಎಚ್" ಎಂದ. "ಯಾರ ಹತ್ರ ಓದಿಸ್ಲಿ ಹೇಳಿ? ನಾಚ್ಕೆ ಆಗ್ತಿತ್ತು. ಆ ನಾಚ್ಕೆಗೆ ನನ್ ಮಗಳನ್ನ..."

ಎನಿಡ್ ಲಕೋಟೆ ಒಡೆದಳು. ಅವಳ ನಿವೃತ್ತಿಗೆ ಮುಂಚಿನ ತಾರೀಖಿದ್ದ ಹಾಳೆಯ ಮೂಲೆಯಲ್ಲಿ ಟೈಪ್ ಮಾಡಿದವರ ಗುರುತಿನ ಎರಡಕ್ಷರ ಇತ್ತು. ಅದು ಅವಳದೇ. ಅಂಥ ಸಾವಿರಾರು ಪತ್ರ ಕುಟ್ಟಿದ್ದಳು. ಆಚೆ ಕಡೆ ಒಡೆಯುವವರು ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹಾಳೆ ಮಡಿಚಿ ಸುಮ್ಮನಿದ್ದಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

"ಕರ್ಟಿಸ್, ಇದನ್ನ ಟೈಪ್ ಮಾಡಿದ್ದು ನಾನೇ ಕಣಪ್ಪ" ಎಂದಳು.

ಅವನು ಬಾಗಿಲು ತೆರೆದು ನಿಂತ. ಅವಳು ಕೋಟು ತೆಗೆದುಕೊಂಡು ಹೊರಟುಹೋದಳು.

*

ಮುಂದಿನ ಗುರುವಾರ ಎನಿಡ್ ಹೋಗಿ ಬಾಗಿಲು ತಟ್ಟಿದರೆ ಅವನು ತೆರೆಯಲಿಲ್ಲ. ಅದರಾಚೆಯ ವಾರ ಅವನೇ ಅವಳನ್ನು ಕರೆಯಲು ಬಂದ. ಆಗ ಬಾಗಿಲು ತೆರೆದವಳು ರೋಸಲಿಂಡ್. ಅಮ್ಮ ಮನೆಯಲ್ಲಿಲ್ಲ ಎಂದು ಕಳಿಸಿ, ಬಾಗಿಲು ಪೂರ್ತಿ ಮುಚ್ಚುವ ಮುಂಚೆಯೇ ಒಳಗಿದ್ದ ತಾಯಿಗೆ, "ಇಂಥ ಜನಾನೆಲ್ಲಾ ಮನೆ ಬಾಗಿಲಿಗೆ ಕರೆಸ್ಕೋಬೇಡ ಅಮ್ಮ, ಬೀದಿಯವರು ನೋಡ್ತಾರೆ" ಎಂದಿದ್ದಳು. ಆ ದಿನದಿಂದ ಎನಿಡ್ ಆ ಕೆಲಸದ ಬಗ್ಗೆ ಮನೆಯಲ್ಲಿ ಮಾತೆತ್ತಲಿಲ್ಲ. ಗುರುವಾರಗಳಂದು ಚೀಲ ಹಿಡಿದು ಹೊರಡುತ್ತಿದ್ದಳು, ಮಗಳು ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ.

*

ಮಣ್ಣಾದ ಮೇಲೆ ಎಲ್ಲರೂ ಚಹಾಕ್ಕೆ ಚರ್ಚಿನ ಸಭಾಂಗಣದೊಳಗೆ ಹೋದರು. ಕೊನೆಯ ಬೆಂಚಿನವರು ಮಾತ್ರ ಸ್ಮಶಾನದ ಮೋಟುಗೋಡೆಯ ಮೇಲೆ ದೂರದೂರ ಕೂತಿದ್ದರು. ಎನಿಡ್ ಒಂದೊಂದು ಗುರುವಾರ ಪಕ್ಕ ಕೂತು ಓದಿದ ಬೇರೆ ಬೇರೆ ಮನೆಯವರು ಅವರು; ಪರಸ್ಪರ ಪರಿಚಯವೂ ಇದ್ದಂತಿರಲಿಲ್ಲ. ರೋಸಲಿಂಡ್ ಹೋಗಿ ಕರ್ಟಿಸ್‌ನನ್ನು ಒಳಗೆ ಕರೆದಳು.

"ಬೇಡ ಬಿಡಿ. ಒಳಗೆ ಜನ ಮುಖ ನೋಡಿ ಗುಸುಗುಸು ಅಂತಾರೆ. ನಿಮಗೂ ಗುರುತು ಸಿಕ್ತಲ್ಲ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ವರದಿ ಅಚ್ಚಾದಾಗ ನಲವತ್ತೊಂದನೆಯ ಪುಟದಲ್ಲಿ ಒಂದು ಸಾಲು ಹೆಚ್ಚಿಗೆ ಬಂದಿತ್ತು ಎಂದು ಅವನೇ ಹೇಳಿದ. ತಂದೆಗೆ ಓದಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಎಂದು. ಅದಕ್ಕಾಗಿ ಎನಿಡ್ ಹನ್ನೊಂದು ಪತ್ರ ಬರೆದಿದ್ದಳಂತೆ.

ರೋಸಲಿಂಡ್ ಕೇಳಬಾರದೆಂದುಕೊಂಡೇ ಕೇಳಿದಳು. "ಅವತ್ತು ಬಾಗಿಲಲ್ಲಿ ನಾನು ಅಂದಿದ್ದು ನಿಮಗೆ ಕೇಳಿಸ್ತಾ?"

"ಕೇಳಿಸ್ತು. ಮಾರನೇ ದಿನ ನಿಮ್ಮಮ್ಮ ಬಂದು ಅದಕ್ಕೂ ಕ್ಷಮೆ ಕೇಳಿದ್ರು."

ಏನು ಹೇಳಿದರೂ ಅದು ಹದಿನಾಲ್ಕು ವರ್ಷ ತಡವಾದ ಮಾತು. ರೋಸಲಿಂಡ್ ಸಭಾಂಗಣಕ್ಕೆ ಹೋಗಿ, ದೊಡ್ಡ ತಟ್ಟೆಯಲ್ಲಿ ಚಹಾದ ಕಪ್ಪುಗಳನ್ನು ಜೋಡಿಸಿಕೊಂಡು, ಕಿಟಕಿಯಿಂದ ನೋಡುತ್ತಿದ್ದ ನೆಂಟರ ಎದುರೇ ಹೊರಗೆ ಬಂದಳು. ಒಬ್ಬೊಬ್ಬರ ಮುಂದೆಯೂ ನಿಂತು ಹೆಸರು ಕೇಳಿ ಕಪ್ಪು ಕೊಟ್ಟಳು. ಕೊನೆಗೆ ಒಂದು ಕಪ್ಪು ಉಳಿಯಿತು.

ಹದಿನೇಳರ ಕೀರಾ ಅಪ್ಪನ ಪಕ್ಕದಲ್ಲಿ ಊರುಗೋಲು ಒರಗಿಸಿಕೊಂಡು ಕೂತಿದ್ದಳು. ಅವಳು ಕೋಲನ್ನು ಆಚೆಗಿಟ್ಟು, ಎಡಗೈಯಿಂದ ತನ್ನ ಸೋತ ಕಾಲನ್ನೆತ್ತಿ ರೋಸಲಿಂಡ್‌ಗೆ ಜಾಗವಾಗುವಂತೆ ಒಂದಿಷ್ಟು ಸರಿದಳು. ಕರ್ಟಿಸ್ ಸರಿದ. ಅವನಾಚೆ ಇದ್ದ ಮುದುಕಿ ಸರಿದಳು. ಗೋಡೆಯ ಉದ್ದಕ್ಕೂ ಒಬ್ಬರಾದ ಮೇಲೊಬ್ಬರು, ಕಪ್ಪು ಚೆಲ್ಲದ ಹಾಗೆ ಹಿಡಿದುಕೊಂಡು, ಪಕ್ಕದವರಿಗೆ ಹತ್ತಿರ ಹತ್ತಿರ ಸರಿದರು.