ಸೋಮವಾರದ ಬೂತಾಯಿ

ಎರಡು ದಿನದಿಂದ ಫೋನ್ ಎತ್ತದಿದ್ದ ಚೆನ್ನಪ್ಪಣ್ಣ ಸೋಮವಾರ ಮಧ್ಯಾಹ್ನ ಎತ್ತಿದರು. ಹೇಮಾಕ್ಷಿಗೆ ಹೋದ ಜೀವ ಬಂದಂತಾಯಿತು.

"ಎಲ್ಲಿ ಸತ್ತು ಹೋಗಿದ್ರಿ ಅಣ್ಣ? ಊಟ ಆಯ್ತಾ?"

"ಆಯ್ತು ಮಾರಾಯ್ತಿ. ಬೂತಾಯಿ ಪುಳಿಮುಂಚಿ ಮಾಡಿದ್ದೆ. ಭಾರೀ ಲಾಯ್ಕ ಆಗಿತ್ತು," ಎಂದರು. ಫೋನ್ ಕಟ್ಟಾಯಿತು.

ಹೇಮಾಕ್ಷಿ ಬಾಯಿಗೆ ಹಾಕಲು ಹೊರಟ ಅಡಿಕೆ ಹೋಳು ಕೈಯಲ್ಲೇ ಉಳಿಯಿತು. ಚೆನ್ನಪ್ಪಣ್ಣ ಸೋಮವಾರ ಮೀನು ಮುಟ್ಟುವವರಲ್ಲ. ಹಿಂದೊಮ್ಮೆ ಕಸ್ಟಮ್ಸ್ ಇಲಾಖೆಯ ಕೆಲಸದ ಮೇಲೆ ಮೀನಿನ ದೋಣಿಯಲ್ಲಿ ಅಡಗಿ ಕುಳಿತಾಗಲೂ ಸೋಮವಾರವೆಂದು ಬರೀ ನೀರು ಕುಡಿದು ದಿನ ಕಳೆದ ಮನುಷ್ಯ. ಅಂಥವರು ಇವತ್ತು ಬೂತಾಯಿ ತಿಂದೆ ಎಂದರೆ, ಪಕ್ಕದಲ್ಲಿ ಯಾರೋ ನಿಂತು ಮಾತಾಡಿಸುತ್ತಿದ್ದಾರೆ ಎಂದೇ ಅರ್ಥ. ಅದೂ ಬೂತಾಯಿ! ಅವರ ಕಾಲದ ಗುಟ್ಟಿನ ಮಾತಿನಲ್ಲಿ ಬಂಗುಡೆ ಎಂದರೆ ದೋಣಿ ನಿಲ್ಲುವ ಧಕ್ಕೆ, ಬೂತಾಯಿ ಎಂದರೆ ಬೈಕಂಪಾಡಿ.

ಬೈಕಂಪಾಡಿಯಲ್ಲಿ ಅವರಿಬ್ಬರಿಗೂ ಗೊತ್ತಿದ್ದ ಜಾಗ ಒಂದೇ. ಒಂದು ಕಾಲದಲ್ಲಿ ಸಮುದ್ರದ ಮೇಲೆ ಚಿನ್ನ ಸಾಗಿಸುತ್ತಿದ್ದ ದೊಡ್ಡ ಧಣಿಯ ಗೋದಾಮು. ಆ ಧಣಿಯ ಮನೆಯಲ್ಲಿ ಅಡಿಗೆಯವಳಾಗಿ ಸೇರಿ, ಒಲೆಯ ಮುಂದೆ ಕುಳಿತೇ ಅವನ ಗುಟ್ಟನ್ನೆಲ್ಲ ಸರಕಾರಕ್ಕೆ ಮುಟ್ಟಿಸಿದವಳು ಹೇಮಾಕ್ಷಿ. ಮಂಜುಗಡ್ಡೆ ಮಾರುವವನ ವೇಷದಲ್ಲಿ ಅವಳಿಂದ ಸುದ್ದಿ ಒಯ್ಯುತ್ತಿದ್ದವರು ಚೆನ್ನಪ್ಪಣ್ಣ. ಧಣಿಗೆ ಅಡಿಗೆಯವಳ ಮೇಲೆ ಸಂಶಯ ಬಂದ ದಿನ ಅವರು ಬೇಕೆಂದೇ ಸಿಕ್ಕಿಬಿದ್ದು, ಎಲ್ಲವನ್ನೂ ತನ್ನ ತಲೆಗೆ ಹಾಕಿಕೊಂಡಿದ್ದರು. ಅಂದು ಮುರಿದ ಎಡಗಾಲು ಈಗಲೂ ಕುಂಟುತ್ತದೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದೂ ಅವರೇ. ಹೇಮಾಕ್ಷಿಯ ಹೆಸರು ಎಲ್ಲೂ ಬರಲಿಲ್ಲ. ಆ ವಿಷಯ ಎತ್ತಬಾರದೆಂಬುದು ಇಲಾಖೆಯ ಕಟ್ಟುನಿಟ್ಟು. ಹಾಗಾಗಿ ಉಪಕಾರವಾಯಿತು ಎಂಬ ಒಂದು ಮಾತನ್ನು ಕೂಡ ಅವಳು ಅವರಿಗೆ ಹೇಳಿದ್ದಿಲ್ಲ.

ಧಣಿ ಜೈಲಿನಲ್ಲೇ ತೀರಿಹೋದ. ಅವನ ಅಳಿಯ, ತಂಗಿಯ ಮಗ ತುಷಾರ್, ಶಾರ್ಜಾದಿಂದ ಬಂದು, ಮನೆಯೊಳಗಿಂದ ಸುದ್ದಿ ಕೊಟ್ಟು ಮಾವನನ್ನು ಹಿಡಿಸಿಕೊಟ್ಟವರು ಯಾರೆಂದು ವಿಚಾರಿಸುತ್ತಿದ್ದಾನೆ ಎಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಅವನಿಗೆ ಬೇಕಾದದ್ದು ತನ್ನ ಹೆಸರು ಎಂದು ಹೇಮಾಕ್ಷಿಗೆ ಗೊತ್ತಿತ್ತು. ಅದನ್ನು ಹೇಳುವವರೆಗೆ ಅಣ್ಣನನ್ನು ಬಿಡುವುದಿಲ್ಲ. ಅಣ್ಣ ಹೇಳುವುದಿಲ್ಲ.

ಪೊಲೀಸರಿಗೆ ಫೋನ್ ಮಾಡಿದಳು. ಆ ಕಡೆಯವನು ಸಮಾಧಾನದಿಂದಲೇ ಕೇಳಿ, "ಸೋಮವಾರ ಮೀನು ತಿಂದ್ರೆ ಅದು ಕಿಡ್ನ್ಯಾಪ್ ಹೇಗಾಗ್ತದೆ ಅಜ್ಜಿ?" ಎಂದ.

ಮತ್ತೆ ಕರೆದದ್ದು ರಾಫೆಲನನ್ನು. ಇಲಾಖೆಯ ಜೀಪು ಓಡಿಸುತ್ತಿದ್ದವನು, ಈಗ ಸ್ವಂತ ಟೆಂಪೋ ಇಟ್ಟುಕೊಂಡಿದ್ದ. ಶಕ್ತಿನಗರದ ಅವಳ ಮನೆಗೆ ಬಂದವನೇ, "ನಮ್ಮ ವಯಸ್ಸು ಎಷ್ಟು ಹೇಮಕ್ಕ? ನನಗೆ ಕಿವಿಯಲ್ಲಿ ಮಿಷನ್, ನಿಮಗೆ ಮೊಣಕಾಲಿಗೆ ಪಟ್ಟಿ," ಎಂದ.

"ಬಾಯಿಗೆ ಪಟ್ಟಿ ಬೇಕಾದದ್ದು ನಿನಗೆ. ಮನೆಯಲ್ಲಿ ಮೀನು ಉಂಟಾ?"

"ಉಂಟು. ಬೂತಾಯಿ. ಬೆಳಿಗ್ಗೆ ತಂದದ್ದು."

"ಹೋಗಿ ತಾ."

ಹೇಮಾಕ್ಷಿ ಪುಳಿಮುಂಚಿ ಮಾಡಿದಳು. ಹುಳಿ, ಖಾರ ಎರಡೂ ಒಂದು ಕೈ ಮುಂದಿತ್ತು, ಡಾಕ್ಟರು ಬರೆದುಕೊಟ್ಟ ನಿದ್ದೆಗುಳಿಗೆಯ ಕಹಿ ಅಡಗಬೇಕಲ್ಲ. ಕುಚ್ಚಲಕ್ಕಿ ಅನ್ನವನ್ನೂ ಸೇರಿಸಿ ಸ್ಟೀಲಿನ ಕ್ಯಾರಿಯರ್‌ಗೆ ತುಂಬಿದಳು. ತಾನು ಜೋರಾಗಿ ಕೆಮ್ಮಿದ ಕೂಡಲೇ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಬೇಕೆಂದು ರಾಫೆಲನಿಗೆ ಮತ್ತೆ ಮತ್ತೆ ಹೇಳಿದಳು.

ಗೋದಾಮಿನ ಅರ್ಧ ಎತ್ತಿದ ಶಟರಿನ ಕೆಳಗೆ ಇಬ್ಬರು ದಾಂಡಿಗರು ಕುಳಿತಿದ್ದರು.

"ಧಣಿಗಳು ಊಟ ಹೇಳಿದ್ರಲ್ಲ, ಹೋಟೆಲಿನಿಂದ. ನಿಮಗೂ ಉಂಟು ಮಕ್ಕಳೇ," ಎಂದಳು ಹೇಮಾಕ್ಷಿ.

ಒಬ್ಬ ಮುಚ್ಚಳ ತೆಗೆದು ಮೂಗು ಹಿಂದೆಳೆದ. "ಎಂತ ಅಜ್ಜಿ ಇದು? ಇವತ್ತು ಸೋಮವಾರ! ನಮಗೆ ಮೀನು ಆಗುದಿಲ್ಲ."

ಹೇಮಾಕ್ಷಿಗೆ ತಲೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಸೋಮವಾರದ ಒಂದು ಮಾತು ಹಿಡಿದು ಬೈಕಂಪಾಡಿವರೆಗೆ ಬಂದವಳಿಗೆ ಅಡಿಗೆ ಮಾಡುವಾಗ ಸೋಮವಾರ ಮರೆತೇ ಹೋಗಿತ್ತು!

ಅಷ್ಟರಲ್ಲಿ ಒಳಗಿನಿಂದ, "ಮೀನಾ? ನನಗೆ ಕೊಡಿ, ಎರಡು ದಿನದಿಂದ ಬನ್ ತಿಂದು ಸಾಕಾಗಿದೆ," ಎಂಬ ಸ್ವರ ಕೇಳಿತು. ಶಾರ್ಜಾದಲ್ಲಿ ಹುಟ್ಟಿ ಬೆಳೆದ ತುಷಾರನಿಗೆ ಯಾವ ವಾರವೂ ಒಂದೇ.

ಒಳಗೆ ಹೋಗಿ ನೋಡಿದರೆ, ಮೂಲೆಯ ಕುರ್ಚಿಗೆ ಚೆನ್ನಪ್ಪಣ್ಣನನ್ನು ನೈಲಾನ್ ಹಗ್ಗದಿಂದ ಬಿಗಿದಿದ್ದರು. ತುಟಿ ಒಡೆದಿತ್ತು. ಅವಳನ್ನು ನೋಡಿದ್ದೇ ಕಣ್ಣು ಮುಚ್ಚಿಕೊಂಡು, "ದೇವರೇ," ಎಂದರು, ತುಂಬ ಸಣ್ಣಗೆ.

ತುಷಾರ್ ಉಣ್ಣತೊಡಗಿದ. ಮೀನಿನ ಮುಳ್ಳನ್ನೂ ಚೀಪಿದ. "ಇನ್ನೂ ಸ್ವಲ್ಪ ಹಾಕಿ," ಎಂದಾಗ ಹೇಮಾಕ್ಷಿಯ ಕೈ ತಾನಾಗಿಯೇ ಬಡಿಸಿತು.

"ಎಂಥ ರುಚಿ ಅಜ್ಜಿ! ಅಮ್ಮ ಯಾವಾಗಲೂ ಹೇಳ್ತಿದ್ರು. ಮಾವನ ಮನೆಯಲ್ಲಿ ಒಬ್ಬಳು ಅಡಿಗೆಯವಳು ಇದ್ದಳಂತೆ. ಅವಳ ಪುಳಿಮುಂಚಿ ತಿಂದವರು ಬೇರೆ ಕಡೆ ಬಾಯಿ ಹಾಕ್ತಿರ್ಲಿಲ್ಲವಂತೆ. ಮಾವ ಅರೆಸ್ಟ್ ಆದ ವಾರವೇ ಅವಳು..."

ಅವನು ನಿಧಾನವಾಗಿ ತಲೆಯೆತ್ತಿದ. ತಟ್ಟೆ ನೋಡಿದ. ಅವಳ ಮುಖ ನೋಡಿದ. "ಅವಳು..." ಎಂದು ಇನ್ನೊಮ್ಮೆ ಹೇಳಿ, ಅನ್ನದ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟ.

ಹೇಮಾಕ್ಷಿ ಕೆಮ್ಮಿದಳು. ಟೆಂಪೋ ಬರಲಿಲ್ಲ. ಗಂಟಲು ಹರಿಯುವಂತೆ ಕೆಮ್ಮಿದಳು.

"ನೀರು ಬೇಕಾ ಅಜ್ಜಿ?" ಎಂದು ಒಳಗೆ ಬಂದ ದಾಂಡಿಗ ಮಲಗಿದ ತುಷಾರನನ್ನು ಕಂಡು, "ಹೇ!" ಎಂದು ಅವಳ ಮೇಲೆರಗಿದ. ಅವಳು ಕ್ಯಾರಿಯರನ್ನು ಹಿಡಿಕೆಯಲ್ಲಿ ಹಿಡಿದು ಬೀಸಿದ್ದು ಅವನ ಮೊಣಕಾಲಿಗೆ ಸರಿಯಾಗಿ ತಾಗಿತು. ಉಳಿದ ಪುಳಿಮುಂಚಿಯೆಲ್ಲ ನೆಲಕ್ಕೆ ಚೆಲ್ಲಿ, ಅದರ ಮೇಲೆ ಕಾಲಿಟ್ಟವನು ದೊಪ್ಪನೆ ಬಿದ್ದ. ಏಳುವ ಮೊದಲೇ ಚೆನ್ನಪ್ಪಣ್ಣ ಕುರ್ಚಿ ಸಮೇತ ಅವನ ಮೇಲೆ ಉರುಳಿದರು.

"ರಾಫೆಲ್! ಕಿವುಡ ಮುಂಡೇದೇ!" ಎಂದು ಹೇಮಾಕ್ಷಿ ಕಿರುಚಿದಳು.

ಅದು ಮಾತ್ರ ಕೇಳಿತು. ಟೆಂಪೋ ಹಿಮ್ಮುಖವಾಗಿ ಬಂದು ಶಟರನ್ನೇ ಒಳಗೆ ತಳ್ಳಿಕೊಂಡು ನಿಂತಿತು. ಎರಡನೆಯ ದಾಂಡಿಗ ಎರಡೂ ಕೈ ಮೇಲೆತ್ತಿ, "ನಾನು ಸಂಬಳಕ್ಕೆ ಬಂದವ, ನನ್ನನ್ನು ಬಿಡಿ ಅಜ್ಜಿ," ಎಂದು ನೆಲದ ಮೇಲೆ ಕುಳಿತ.

ಬಿಚ್ಚಿದ ಹಗ್ಗದಿಂದಲೇ ಮೂವರನ್ನೂ ಕಟ್ಟಿದರು. ಈ ಸಲ ಪೊಲೀಸರು ಹೊರಟೆವೆಂದರು. ಕಾಯುತ್ತಿರುವಾಗ ತುಷಾರನಿಗೆ ಅರೆಎಚ್ಚರವಾಯಿತು. ಮಲಗುವ ಮೊದಲು ಹೊಳೆದದ್ದು ಮಂಪರಿನಲ್ಲಿ ಮರೆತಿತ್ತೋ ಏನೋ, ತೊದಲುತ್ತ ಮತ್ತೆ ಅದನ್ನೇ ಕೇಳಿದ. "ಆ ಹೆಸರು ಹೇಳಿ ಮುದುಕರೇ. ಇವತ್ತಲ್ಲ ನಾಳೆ, ನಾನು ಬಿಡುದಿಲ್ಲ."

ಚೆನ್ನಪ್ಪಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. ಒಡೆದ ಆ ತುಟಿಯನ್ನು ನೋಡಿ ಹೇಮಾಕ್ಷಿಗೆ ತಡೆಯಲಾಗಲಿಲ್ಲ. ಹುಡುಗನ ಮುಂದೆ ಹೋಗಿ ಕುಳಿತಳು.

"ಹೇಮಾಕ್ಷಿ. ಶಕ್ತಿನಗರ. ನಿನ್ನ ಮಾವನಿಗೆ ಅನ್ನ ಬಡಿಸಿ, ಅವನನ್ನು ಹಿಡಿಸಿಕೊಟ್ಟವಳು ನಾನು. ಇನ್ನು ಕೇಳ್ಲಿಕ್ಕೆ ಇದ್ರೆ ನನ್ನನ್ನು ಕೇಳು. ಇವರನ್ನು ಕೇಳ್ಬೇಡ."

"ಎಂತ ಮಾಡಿದ್ದು ನೀನು!" ಚೆನ್ನಪ್ಪಣ್ಣ ನಿಜವಾಗಿ ಸಿಟ್ಟಾದರು. "ಮತ್ತೆ ನಾನು ಪೆಟ್ಟು ತಿಂದು ಬಾಯಿ ಮುಚ್ಚಿ ಕೂತದ್ದು ಎಂತಕ್ಕೆ?"

"ಅಷ್ಟು ವರ್ಷ ಕೂತದ್ದು ಸಾಕಾಯ್ತು ಅಣ್ಣ. ಇನ್ನು ಬಾಯಿ ಬಿಡಿ."

ತುಷಾರನ ಕಣ್ಣು ಮತ್ತೆ ಮುಚ್ಚಿತ್ತು. ಎಷ್ಟು ಕೇಳಿಸಿತೋ ಯಾರಿಗೆ ಗೊತ್ತು. ಕೇಳಿಸಿದ್ದರೂ ಹೇಮಾಕ್ಷಿಗೆ ಹೆದರಿಕೆಯಾಗಲಿಲ್ಲ.

ಪೊಲೀಸರು ಬಂದು ಎಲ್ಲ ಮುಗಿದ ಮೇಲೆ ಮೂವರೂ ಟೆಂಪೋದ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕುಳಿತರು. ಹಿಂದಿನ ಬಂಪರ್ ಹೋಯಿತೆಂದು ರಾಫೆಲ್ ಗೊಣಗುತ್ತಿದ್ದ. ಹೇಮಾಕ್ಷಿ ಬಾಟಲಿಯ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಚೆನ್ನಪ್ಪಣ್ಣನ ಕೈ ತನ್ನ ಮಡಿಲಿಗೆ ಎಳೆದುಕೊಂಡು, ಹಗ್ಗ ಕೊರೆದ ಗಾಯ ಒರೆಸತೊಡಗಿದಳು. ತುಳುವಿನಲ್ಲಿ ಉಪಕಾರವಾಯಿತು ಎಂಬುದಕ್ಕೆ ಸೊಲ್ಮೆಲು ಎನ್ನುತ್ತಾರೆ. ಅದು ಸ್ಟೇಜಿನಲ್ಲಿ ಮೈಕು ಹಿಡಿದವರ ಮಾತು. ಮನೆಯವರಿಗೆ ಹೇಗೆ ಹೇಳುವುದು? ಆದರೂ ಹೇಳಿದಳು.

"ಸೊಲ್ಮೆಲು ಅಣ್ಣ."

"ಎಂತ, ಭಾಷಣವಾ?" ಎಂದರು ಚೆನ್ನಪ್ಪಣ್ಣ. ನಗಲು ಹೋಗಿ ತುಟಿ ನೋಯಿತು. ಕೈ ಮಾತ್ರ ಹಿಂದೆಳೆದುಕೊಳ್ಳಲಿಲ್ಲ. ಕೂಳೂರು ಸೇತುವೆ ದಾಟುತ್ತಿದ್ದಂತೆ ಇನ್ನೊಂದು ಕೈಯನ್ನೂ ಅವಳ ಮಡಿಲಿಗೆ ಚಾಚಿದರು.